ನಮ್ಮ ನಡುಮನೆಯ ಕಾಣದ ಹಲ್ಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲೂಕುಗಳಲ್ಲಿ ಸ್ಕ್ರೂಡ್ರೈವರನ್ನು ಸರಿಯಾಗಿ ಹಿಡಿಯಬಲ್ಲವರು ಮೂರೇ ಜನ. ಒಬ್ಬ ನಾನು. ಉಳಿದಿಬ್ಬರು ನನ್ನಿಂದ ಕಲಿತವರು. ಕಲಿತ ಮೇಲೆ ಯಾಕೋ ಸ್ಕ್ರೂಡ್ರೈವರಿನ ಸಹವಾಸವೇ ಬೇಡವೆಂದು ಒಬ್ಬ ಎಮ್ಮೆ ಕಟ್ಟಿದ, ಇನ್ನೊಬ್ಬ ಬಿಡದಿಯ ಕಾರ್ಖಾನೆಯಲ್ಲಿ ಗೇಟು ಕಾಯುತ್ತಾನೆ. ನನ್ನ ಹೆಸರು ಲೋಕೇಶ. ಬೈರಾಪಟ್ಟಣದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಇರುವ ಆನ್‌ಲೈನ್ ಸೆಂಟರ್ ನನ್ನದೇ. ಪಹಣಿ ತೆಗೆಯಲು, ಆಧಾರ್ ಜೋಡಿಸಲು ಜನ ಬರುತ್ತಾರೆಂದು ನೀವು ತಿಳಿದರೆ ಅದು ಅರ್ಧ ಸತ್ಯ. ಅವರು ಬರುವುದು ನನ್ನ ನೋಟ್‌ಬುಕ್ಕಿಗಾಗಿ.

ಇನ್ನೂರು ಪುಟದ ಆ ನೋಟ್‌ಬುಕ್ಕಿನಲ್ಲಿ ಜಗತ್ತಿನ ಉಪಯುಕ್ತ ವೆಬ್‌ಸೈಟುಗಳೆಲ್ಲ ಇವೆ. ಫೋಟೊ ದಪ್ಪವಾಯಿತೆಂದು ಸರ್ಕಾರದ ಅರ್ಜಿ ನುಂಗದೆ ಉಗುಳಿದರೆ, ಫೋಟೊವನ್ನು ಉಪವಾಸ ಕೆಡವಿ ಐವತ್ತು ಕೆಬಿಗೆ ಇಳಿಸುವ ವೆಬ್‌ಸೈಟು ಒಂದು. ಹಳೆಯ ಮಿಕ್ಸಿಯ ಒಳಗೆ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಚಿತ್ರ ಬಿಡಿಸಿ ತೋರಿಸುವುದು ಒಂದು. ಕೊಳಾಯಿ ಸೋರಿದರೆ ಒಂದು, ಕುಕ್ಕರಿನ ಹಿಡಿ ಮುರಿದರೆ ಒಂದು. ಇಂಗ್ಲಿಷಿನ ಪುಟವನ್ನು ಕನ್ನಡ ಮಾಡಿಕೊಡುವುದೂ ಇದೆ. ಅದರ ಕನ್ನಡ ಓದಿದರೆ ಇಂಗ್ಲಿಷೇ ವಾಸಿ ಅನ್ನಿಸುತ್ತದೆ, ಆ ಮಾತು ಬೇರೆ. ಶುಕ್ರವಾರ ಶುಕ್ರವಾರ ಆ ನೋಟ್‌ಬುಕ್ಕಿಗೆ ಕುಂಕುಮ ಇಡುತ್ತೇನೆ. ಅಮೆರಿಕದ ಎಂಜಿನಿಯರನೊಬ್ಬ ಅದನ್ನು ಒಂದು ಸಲ ನೋಡಿ ಕಣ್ಣೀರು ಹಾಕಿದ್ದ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ಅವನು ಇನ್ನೂ ಬಂದಿಲ್ಲ, ಬಂದರೆ ಹಾಕುವುದು ಖಂಡಿತ.

ಇಂಥ ನೋಟ್‌ಬುಕ್ಕಿನ ಒಡೆಯನ ತಾಯಿ, ಮಂಡಿ ನೋವಿನ ಮುನಿಯಮ್ಮ, ಪ್ರತಿ ಸಂಜೆ ಲೈಟು ಹಾಕಲು ಗೋಡೆ ಹಿಡಿದುಕೊಂಡು ಎದ್ದು ನಡೆಯುವುದೆಂದರೆ ಏನು? ಊರಿನ ಮರ್ಯಾದೆಯ ಪ್ರಶ್ನೆ. ಚಪ್ಪಾಳೆ ತಟ್ಟಿದರೆ ಬಲ್ಬು ಹತ್ತಬೇಕು ಎಂದು ತೀರ್ಮಾನಿಸಿದೆ. ನೋಟ್‌ಬುಕ್ಕಿನ ನಲವತ್ತೊಂದನೆಯ ಪುಟದ ವೆಬ್‌ಸೈಟಿನಲ್ಲಿ ಅದರ ನಕ್ಷೆ ಇತ್ತು. ಸದ್ದು ಕೇಳುವ ಕಿವಿಯಂಥ ಒಂದು ಪುಟ್ಟ ಭಾಗ, ಸದ್ದು ಕೇಳಿದೊಡನೆ ಟಿಕ್ಕೆಂದು ಬಲ್ಬಿಗೆ ಕರೆಂಟು ಬಿಡುವ ರಿಲೇ ಎಂಬ ಇನ್ನೊಂದು ಭಾಗ, ಎರಡಕ್ಕೂ ಬುದ್ಧಿ ಹೇಳುವ ಬೆರಳುದ್ದದ ಬೋರ್ಡು. ಇನ್ನೊಂದು ವೆಬ್‌ಸೈಟಿನಲ್ಲಿ ಎಲ್ಲವನ್ನೂ ಪರದೆಯ ಮೇಲೆಯೇ ಜೋಡಿಸಿ ನೋಡಬಹುದು. ಜೋಡಿಸಿದೆ. ಪರದೆಯ ಮೇಲೆ ಬಲ್ಬು ಎಷ್ಟು ಚೆನ್ನಾಗಿ ಉರಿಯಿತೆಂದರೆ ನನ್ನ ಹೆಂಡತಿ ಭಾನುಪ್ರಿಯ ಪಕ್ಕದ ಕೋಣೆಯಿಂದ ಕಣ್ಣು ಉಜ್ಜಿಕೊಳ್ಳುತ್ತಾ ಬಂದಳು.

ಬೋರ್ಡನ್ನು ಇಡಲು ಒಂದು ಡಬ್ಬಿ ಬೇಕಿತ್ತು. ನನ್ನ ತಂಗಿ ಸೌಮ್ಯ ಚನ್ನಪಟ್ಟಣದಲ್ಲಿ ಗುಲ್ಜಾರ್ ಬೀ ಎಂಬ ಹಿರಿಯ ಹೆಂಗಸಿನ ಗೊಂಬೆ ಕಾರ್ಖಾನೆಯಲ್ಲಿ ಆರು ವರ್ಷದಿಂದ ಲೇತು ತಿರುಗಿಸುತ್ತಾಳೆ. ಅವಳು ಹಾಲೆ ಮರದಲ್ಲಿ ಕಡೆದು ಕೆಂಪು ಅರಗು ಬಳಿದು ತಂದಿಟ್ಟಿದ್ದ ದುಂಡನೆಯ ಡಬ್ಬಿಯೊಂದಿತ್ತು. ಅವಳನ್ನು ಕೇಳದೆಯೇ ತೆಗೆದುಕೊಂಡೆ. ಅದರೊಳಗೆ ಬೋರ್ಡು ಕೂರಿಸಿ, ನಡುಮನೆಯ ತೊಲೆಯ ಮೇಲೆ, ಗೋಡೆಗೆ ಸೇರುವ ಕತ್ತಲ ಮೂಲೆಯಲ್ಲಿ ಇಟ್ಟು, ಹಳೆಯ ಫೋನಿನ ಚಾರ್ಜರಿನಿಂದ ಕರೆಂಟು ಕೊಟ್ಟೆ.

ಉದ್ಘಾಟನೆಗೆ ಇಡೀ ಬೀದಿಯನ್ನು ಕರೆದಿದ್ದೆ. ನಾನು ಚಪ್ಪಾಳೆ ತಟ್ಟಿದೆ. ಬಲ್ಬು ಹತ್ತಲಿಲ್ಲ. ಎರಡು ಸಲ ತಟ್ಟಿದೆ. ಎಲ್ಲರೂ ತಟ್ಟಿರೆಂದೆ. ಬೀದಿಯ ಜನವೆಲ್ಲ ಸೇರಿ ಭಜನೆಯ ಹಾಗೆ ಹತ್ತು ನಿಮಿಷ ತಟ್ಟಿದರು. ಬಲ್ಬು ತಪಸ್ಸಿಗೆ ಕೂತ ಋಷಿಯಂತೆ ಸುಮ್ಮನಿತ್ತು. ಪಕ್ಕದ ಮನೆಯ ಬೈರಪ್ಪಣ್ಣ ಎದ್ದು ಗೋಡೆಯ ಸ್ವಿಚ್ಚು ಒತ್ತಿದರೂ ಹತ್ತಲಿಲ್ಲ, ಏಕೆಂದರೆ ಆ ತಂತಿಯನ್ನೂ ನಾನು ಬಿಚ್ಚಿದ್ದೆ.

"ನಿಮ್ಮವ್ವ ಮೊದ್ಲು ಗೋಡೆ ತನಕ ನಡೀಬೇಕಾಗಿತ್ತು, ಈಗ ನಮ್ಮನೆ ತನಕ ನಡೀಬೇಕು, ಅಷ್ಟೇ ಕಣ್ಲಾ," ಎಂದು ಹೇಳಿ ಬೈರಪ್ಪಣ್ಣ ಹೊರಟ.

ಒಂದು ಭಾಗ ಜಪಾನಿನಿಂದ ಬರಬೇಕು ಎಂದು ನಾನು ಪ್ರಕಟಿಸಿದೆ. ಮರುದಿನ ಗೋಡೆಯ ಸ್ವಿಚ್ಚಿಗೆ ತಂತಿಯನ್ನು ಮತ್ತೆ ಸೇರಿಸಿ, ಡಬ್ಬಿಯ ಮಾತನ್ನು ಮರೆತೆ. ದೊಡ್ಡ ವಿಜ್ಞಾನಿಗಳೂ ಹೀಗೆ ಒಂದೊಂದು ಪ್ರಯೋಗವನ್ನು ಮರೆಯುತ್ತಾರೆ. ಚಾರ್ಜರನ್ನು ಕಿತ್ತಿದ್ದೆನೋ ಇಲ್ಲವೋ, ಅದೂ ನೆನಪಿನಲ್ಲಿ ಉಳಿಯಲಿಲ್ಲ.

ಒಂದು ವಾರ ಕಳೆದಿರಬಹುದು. ಮುಸ್ಸಂಜೆ. ನಮ್ಮ ನಡುಮನೆ ಹಳೆಯ ಕಾಲದ್ದು, ಹೆಂಚಿನ ನಡುವೆ ಇರುವ ಒಂದೇ ಗಾಜಿನಿಂದ ಬೆಳಕು ಕೋಲಿನಂತೆ ಇಳಿಯುತ್ತದೆ. ಹೊತ್ತು ಮುಳುಗುವಾಗ ಆ ಕೋಲು ಸಣಕಲಾಗುತ್ತಾ ಗೋಡೆ ಹತ್ತಿ ಮಾಯವಾಗುತ್ತದೆ. ಆ ಹೊತ್ತಿನಲ್ಲಿ ಬೈರಪ್ಪಣ್ಣ ಬಂದು ಅವ್ವನ ಎದುರು ಕೂತು ಗೋಳು ತೋಡಿಕೊಳ್ಳುತ್ತಿದ್ದ. ಅವನ ಕಡಸು ತಪ್ಪಿಸಿಕೊಂಡು ಎರಡು ದಿನವಾಗಿತ್ತು. ಯಾರೋ ಹೊಡೆದುಕೊಂಡು ಹೋಗಿದ್ದಾರೆಂದು ಅವನ ಹೆಂಡತಿ, ಇಲ್ಲವೆಂದು ಇವನು. ಮಾತಾಡುತ್ತಾ ರೋಷ ಬಂದು ತೊಡೆ ತಟ್ಟಿ, ತನ್ನ ಕಡಸು ತನ್ನ ಕೊಟ್ಟಿಗೆಗೆ ತಾನೇ ಬಂದೇ ಬರುತ್ತದೆ ಎಂದು ಕೂಗಿದ.

ತೊಲೆಯ ಮೂಲೆಯಿಂದ ಲೊಚ್, ಲೊಚ್, ಲೊಚ್ ಎಂದು ಕೇಳಿತು.

ಹಲ್ಲಿ ಲೊಚಗುಟ್ಟಿದರೆ ನಮ್ಮ ಕಡೆ ಏನು ಮಾಡುತ್ತಾರೆಂದು ನಿಮಗೆ ಗೊತ್ತೇ ಇದೆ. ಆಡಿದ ಮಾತು ಸತ್ಯವೆಂದು ಲೆಕ್ಕ. ಕೃಷ್ಣ ಕೃಷ್ಣ ಎನ್ನುತ್ತಾ ಬೆರಳ ಗೆಣ್ಣಿನಿಂದ ನೆಲವನ್ನು ಮೂರು ಸಲ ಕುಟ್ಟಬೇಕು. ಬೈರಪ್ಪಣ್ಣ ಕುಟ್ಟಿದ. ಹಲ್ಲಿ ಮತ್ತೆ ಮೂರು ಸಲ ಲೊಚಗುಟ್ಟಿತು. ಅವ್ವ ಕುಟ್ಟಿದಳು. ಹಲ್ಲಿ ಉತ್ತರ ಕೊಟ್ಟಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಸೇರಿ ಕುಟ್ಟಿದರು. ಮತ್ತೆ ಉತ್ತರ. ನನ್ನ ಎಪ್ಪತ್ತೆರಡು ಸಾವಿರ ರೋಮಗಳೂ ಎದ್ದು ನಿಂತವು. ಎಣಿಸಿಲ್ಲ, ಆದರೆ ಕಡಿಮೆ ಇರಲಿಕ್ಕಿಲ್ಲ. ಐವತ್ತು ವರ್ಷದಿಂದ ಹಲ್ಲಿ ಮಾತು ಕೇಳಿದ್ದ ಅವ್ವ, ಹಲ್ಲಿ ಹೀಗೆ ಎದುರು ಮಾತಾಡಿದ್ದನ್ನು ಕೇಳಿರಲಿಲ್ಲ. ಬೈರಪ್ಪಣ್ಣ ಕುಟ್ಟುವುದನ್ನು ನಿಲ್ಲಿಸಲು ಹೆದರಿದ. ನಿಲ್ಲಿಸಿದರೆ ಅದಕ್ಕೆ ಬೇಸರವಾದೀತೆಂದು. ಕೊನೆಗೆ ಗೆಣ್ಣು ಕೆಂಪಾದ ಮೇಲೆ ಕೈಯನ್ನು ಪಂಚೆಯೊಳಗೆ ಬಚ್ಚಿಟ್ಟುಕೊಂಡ. ಹಲ್ಲಿಯೂ ನಿಲ್ಲಿಸಿತು. ನಮ್ಮ ಬೆಕ್ಕು ತೊಲೆಯನ್ನೇ ನೋಡುತ್ತಾ ಹಿಂದಡಿಯಿಟ್ಟು ಅಡುಗೆಮನೆಗೆ ಹೋಯಿತು.

ಬೈರಪ್ಪಣ್ಣ ಮನೆಗೆ ಹೋದಾಗ ಕಡಸು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ನಿಂತಿತ್ತು.

ಇನ್ನು ಕೇಳಬೇಕೆ? ಮರುದಿನ ಬೆಳಿಗ್ಗೆ ಬೀದಿ, ಮಧ್ಯಾಹ್ನ ಊರು, ಸಂಜೆಗೆ ಸುತ್ತಲ ಹಳ್ಳಿಗಳು ನಮ್ಮ ನಡುಮನೆಗೆ ಬಂದವು. ಯಾರಿಗೂ ಹಲ್ಲಿ ಕಾಣಲಿಲ್ಲ. ಕಾಣದ್ದರಿಂದಲೇ ಭಯ ಹೆಚ್ಚಿತು. ಟಾರ್ಚು ಬಿಟ್ಟು ನೋಡೋಣವೆಂದವನನ್ನು ಬೈರಪ್ಪಣ್ಣ ಹೊಡೆಯಲು ಹೋದ. ಕೆಲವರು ಕೇಳಿದ್ದಕ್ಕೆ ಅದು ಒಪ್ಪಿತು, ಕೆಲವರಿಗೆ ಉಸಿರೇ ಬಿಡಲಿಲ್ಲ. ಉತ್ತರ ಸಿಗದವರು ತಲೆ ತಗ್ಗಿಸಿ, ತಾವು ಮಾಡಿದ ಪಾಪಗಳನ್ನು ಎಣಿಸಿಕೊಳ್ಳುತ್ತಾ ಮನೆಗೆ ಹೋದರು. ಒಬ್ಬಳು ಸೊಸೆ ತನ್ನ ಅತ್ತೆಯನ್ನು ಕರೆತಂದು, ಒಡವೆ ಕದ್ದಿದ್ದು ತಾನಲ್ಲ ಎಂದು ಪಿಸುಗುಟ್ಟಿದಳು. ಹಲ್ಲಿ ಸುಮ್ಮನಿತ್ತು. ಅತ್ತೆ ಬಾಯಿ ಮಾಡಿದಳು, ಹಲ್ಲಿ ಒಪ್ಪಿತು. ಆ ಹುಡುಗಿ ಅತ್ತ ಅಳು ನನಗೆ ಒಸಿ ಚುಚ್ಚಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನಮ್ಮ ವೃತ್ತದ ಗ್ರಾಮ ಆಡಳಿತಾಧಿಕಾರಿ ದೇವರಾಜ್ ಅವರೂ ಬಂದರು. ಬರುವಾಗ ಇದೆಲ್ಲ ಮೂಢನಂಬಿಕೆ, ಪರಿಶೀಲನೆಗೆ ಬಂದಿದ್ದೇನೆ ಎಂದರು. ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ, ಪರಿಶೀಲನೆಯ ಅಂಗವಾಗಿ, ತಮಗೆ ಮಾಗಡಿಗೆ ವರ್ಗವಾಗುತ್ತದೆಯೇ ಎಂದು ವಿಚಾರಿಸಿದರು. ಸಾವಿರ ಜನರ ಗದ್ದಲದ ಮೇಲೆ ಹೆಸರು ಕೂಗಿ ಅಭ್ಯಾಸವಾದ ಗಂಟಲು ಅವರದು. ಹಲ್ಲಿ ತಡಮಾಡದೆ ಒಪ್ಪಿತು. ಅವರು ಮೊಣಕಾಲೂರಿ ಎರಡೂ ಕೈಯಿಂದ ನೆಲ ಕುಟ್ಟಿದರು.

ನಾನು ಏನು ಮಾಡುತ್ತಿದ್ದೆ? ವ್ಯಾಖ್ಯಾನ. ಹಲ್ಲಿ ಯಾವ ದಿಕ್ಕಿನಿಂದ ನುಡಿದರೆ ಏನು ಫಲವೆಂದು ಹೇಳುವ ವೆಬ್‌ಸೈಟೊಂದನ್ನು ಹುಡುಕಿ, ನೋಟ್‌ಬುಕ್ಕಿನ ನೂರ ಆರನೆಯ ಪುಟಕ್ಕೆ ಸೇರಿಸಿ, ಬಂದವರಿಗೆಲ್ಲ ಅರ್ಥ ಬಿಡಿಸುತ್ತಿದ್ದೆ. ಬಲ್ಬು ಹತ್ತದ ಲೋಕೇಶನನ್ನು ಊರು ಮರೆತಿತ್ತು. ಹಲ್ಲಿ ಲೋಕಣ್ಣನಿಗೆ ಅಂಗಡಿಯ ಬೆಂಚಿನಲ್ಲಿ ಜನ ಎದ್ದು ಜಾಗ ಬಿಡುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ನಾನೊಬ್ಬನೇ ನಡುಮನೆಯಲ್ಲಿ ಕೂತಿದ್ದೆ. ಭಾನುಪ್ರಿಯ ಅಡುಗೆಮನೆಯಲ್ಲಿ ಬೇಳೆಗೆ ಇಟ್ಟಿದ್ದ ಕುಕ್ಕರು ಕೂಗಿತು. ಹಲ್ಲಿ ಲೊಚಗುಟ್ಟಿತು. ಕುಕ್ಕರು ಮತ್ತೆ ಕೂಗಿತು. ಹಲ್ಲಿ ಮತ್ತೆ ಒಪ್ಪಿತು. ಕುಕ್ಕರು ಯಾವ ಸತ್ಯ ಹೇಳಿತೆಂದು ಇದು ಒಪ್ಪುತ್ತಿದೆ? ಅವ್ವ ಹಿತ್ತಲಲ್ಲಿದ್ದಾಗ ಏಣಿ ಹಾಕಿ ಹತ್ತಿದೆ. ಕತ್ತಲ ಮೂಲೆಯಲ್ಲಿ ಕೆಂಪನೆಯ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಜೀವಮಾನದಲ್ಲಿ ಎಂದೂ ಹೆದರದ ನಾನು ಏಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ತಾಯಿ ಕಾಪಾಡು ಎಂದೆ; ಸುಮ್ಮನೆ, ಅಭ್ಯಾಸಕ್ಕೆ. ನೋಡಿದರೆ ನನ್ನದೇ ಡಬ್ಬಿ. ತಂತಿಗೆಂದು ಕೊರೆದಿದ್ದ ತೂತಿನಲ್ಲಿ ಬೋರ್ಡಿನ ಕೆಂಪು ದೀಪ.

ಚಾರ್ಜರು ಇನ್ನೂ ಸಿಕ್ಕಿಕೊಂಡೇ ಇತ್ತು. ಬಲ್ಬಿನ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಸುಲಿಯದೆಯೇ ಅಂದು ತಿರುಪು ಬಿಗಿದಿದ್ದೆ. ಕಿವಿಗೆ ಚಪ್ಪಾಳೆ ಕೇಳಿತ್ತು, ಬೋರ್ಡಿಗೆ ನಾನು ಹೇಳಿಕೊಟ್ಟ ಬುದ್ಧಿಯೇ ತಪ್ಪಿ ರಿಲೇ ಒಂದರ ಬದಲು ಮೂರು ಸಲ ಟಿಕ್ಕೆಂದಿತ್ತು, ಪ್ಲಾಸ್ಟಿಕ್ಕು ಮಾತ್ರ ಕರೆಂಟನ್ನು ದಾಟಲು ಬಿಟ್ಟಿರಲಿಲ್ಲ. ನಮ್ಮ ಚಪ್ಪಾಳೆಯ ಅಬ್ಬರದಲ್ಲಿ ಆ ಟಿಕ್ಕು ಯಾರಿಗೂ ಕೇಳಿಸಿರಲಿಲ್ಲ; ಆಮೇಲಿನ ಒಂದು ವಾರ ಕೇಳಿಸಿದ್ದರೂ ಯಾವುದೋ ಹಲ್ಲಿಯೆಂದು ಯಾರೂ ತಲೆ ಎತ್ತಿರಲಿಲ್ಲ. ಟೊಳ್ಳು ಮರದ ಡಬ್ಬಿಯೊಳಗೆ ಅದು ಹಲ್ಲಿಯ ನಾಲಗೆಯಾಗಿತ್ತು. ಗಟ್ಟಿಯಾಗಿ ಕೂಗಿದವರಿಗೆಲ್ಲ ಸತ್ಯ, ಮೆಲ್ಲಗೆ ಹೇಳಿದವರಿಗೆಲ್ಲ ಮೌನ. ವಿಧಾನಸಭೆಯ ನಿಯಮವೇ ಆ ಡಬ್ಬಿಯದೂ ಆಗಿತ್ತು.

ಆಗಲೇ ಚಾರ್ಜರು ಕೀಳಬೇಕಿತ್ತು. ಕೈ ಹೋಯಿತು, ಕೀಳಲಿಲ್ಲ. ಬಾಗಿಲಲ್ಲಿ ಯಾರೋ "ಹಲ್ಲಿ ಲೋಕಣ್ಣನೋರು ಅವ್ರಾ?" ಎಂದು ವಿಚಾರಿಸುವುದು ಕೇಳಿಸಿತು. ನಾಳೆ ನೋಡೋಣವೆಂದು ಇಳಿದುಬಿಟ್ಟೆ.

ಆ ನಾಳೆ ಬರುವ ಮೊದಲೇ ಅವ್ವ ಒಂದು ಮಾತು ತೆಗೆದಳು. ಕನಕಪುರದ ಆಚೆ ಉಯ್ಯಂಬಳ್ಳಿಯಿಂದ ಹನುಮಂತಯ್ಯ ಎಂಬುವರು ತಮ್ಮ ಮಗನಿಗೆ ಸೌಮ್ಯಳನ್ನು ಕೇಳಿದ್ದರು. ಹುಡುಗ ಒಳ್ಳೆಯವನೇ, ಹೊಲ ಇದೆ, ಮನೆ ಇದೆ. ಆದರೆ ಉಯ್ಯಂಬಳ್ಳಿಯಿಂದ ದಿನಾ ಚನ್ನಪಟ್ಟಣಕ್ಕೆ ಬಂದು ಲೇತು ತಿರುಗಿಸಲು ಆಗುವುದಿಲ್ಲ. ಸೊಸೆ ಗೊಂಬೆ ಮಾಡುವುದು ಬೇಕಿಲ್ಲವೆಂದು ಅವರೂ ಹೇಳಿದ್ದರು. ಸೌಮ್ಯ ಒಲ್ಲೆನೆಂದು ಒಂದು ತಿಂಗಳಿಂದ ಹೇಳುತ್ತಲೇ ಇದ್ದಳು. ಅವಳ ದನಿ ಚಿಕ್ಕದು. ಮಗಳಿಗೆ ಇಪ್ಪತ್ತೊಂಬತ್ತಾಯಿತೆಂಬ ಅವ್ವನ ಚಿಂತೆಯ ದನಿ ದೊಡ್ಡದು.

"ನಿನ್ ಮಾತೂ ಬ್ಯಾಡ, ನನ್ ಮಾತೂ ಬ್ಯಾಡ. ಶುಕ್ರವಾರ ಅವ್ರು ಬತ್ತಾರೆ. ಹಲ್ಲಿ ಹೂಂ ಅಂದ್ರೆ ಎಲೆ ಅಡಿಕೆ ಬದಲಾಯಿಸ್ಕೊಂಬುಡನ," ಎಂದಳು ಅವ್ವ.

ನಮ್ಮಲ್ಲಿ ಎಲೆ ಅಡಿಕೆ ಕೈ ಬದಲಾದರೆ ಮುಗಿಯಿತು. ಆಮೇಲೆ ಬ್ರಹ್ಮ ಬಂದರೂ ಆ ಮಾತು ಹಿಂದಕ್ಕೆ ಬರುವುದಿಲ್ಲ. ಹನುಮಂತಯ್ಯನವರ ದನಿಯ ಬಗ್ಗೆ ನಾನು ಕೇಳಿದ್ದೆ. ಉಯ್ಯಂಬಳ್ಳಿಯ ಹೊಲಕ್ಕೆ ಆನೆ ಇಳಿದರೆ ಪಟಾಕಿ ಹೊಡೆಯುವುದಿಲ್ಲವಂತೆ, ಹನುಮಂತಯ್ಯನವರನ್ನು ಮಾತಿಗೆ ಎಳೆಯುತ್ತಾರಂತೆ. ಅವರು ನಮ್ಮ ನಡುಮನೆಯಲ್ಲಿ ಕೂತು ನೀರು ಕೇಳಿದರೂ ಹಲ್ಲಿ ಹೂಂ ಅನ್ನುತ್ತದೆ.

ಡಬ್ಬಿಯನ್ನು ಗುಟ್ಟಾಗಿ ಇಳಿಸಿಬಿಡೋಣವೆಂದು ಹೋದರೆ ತೊಲೆಗೆ ಅರಿಶಿನ ಕುಂಕುಮ ಬಿದ್ದಿತ್ತು, ಏಣಿ ಇರಲಿಲ್ಲ. ಹಲ್ಲಿಗೆ ತೊಂದರೆಯಾಗಬಾರದೆಂದು ಬೈರಪ್ಪಣ್ಣ ಏಣಿಯನ್ನು ತನ್ನ ಕೊಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದ. ಚಾರ್ಜರಿನ ತಂತಿ ಗೋಡೆಯ ಮೇಲೆ ಒಂಬತ್ತು ಅಡಿ ಎತ್ತರದಲ್ಲಿ. ಹಗಲೆಲ್ಲ ಜನ, ರಾತ್ರಿ ತೊಲೆಯ ಕೆಳಗೇ ಅವ್ವನ ಹಾಸಿಗೆ. ಮೇನ್ ಸ್ವಿಚ್ಚನ್ನೇ ಆರಿಸಿದೆ; ಕರೆಂಟು ಹೋದರೆ ಹಲ್ಲಿಗೆ ಕತ್ತಲಾದೀತೆಂದು ಭಕ್ತರು ನಾನು ಕೈ ತೆಗೆಯುವ ಮೊದಲೇ ಓಡಿ ಬಂದು ಮತ್ತೆ ಹಾಕಿದರು.

ಬುಧವಾರ ಗುಲ್ಜಾರ್ ಬೀ ಚನ್ನಪಟ್ಟಣದಿಂದ ಅವ್ವನನ್ನು ನೋಡಲು ಬಂದರು. ತಮಗೆ ಕಣ್ಣು ಮಂಜಾಗುತ್ತಿದೆ, ಮುಂದಿನ ತಿಂಗಳಿಂದ ಕಾರ್ಖಾನೆಯನ್ನು ಸೌಮ್ಯಳ ಕೈಗೇ ಬಿಡಬೇಕೆಂದಿದ್ದೇನೆ, ಹುಡುಗಿಯನ್ನು ಅಷ್ಟು ದೂರ ಕಳಿಸಬೇಡಿ ಎಂದು ಕೇಳಿಕೊಂಡರು. ಅವ್ವ ಶುಕ್ರವಾರದ ಮಾತನ್ನೇ ಹೇಳಿದಳು. ಅಷ್ಟರಲ್ಲಿ ಬೀದಿಯಲ್ಲಿ ಯಾರದೋ ಬೈಕು ಗುಡುಗಿತು, ಹಲ್ಲಿ ಲೊಚಗುಟ್ಟಿತು. ಎಲ್ಲರೂ ನೆಲ ಕುಟ್ಟಿದರು. ಗುಲ್ಜಾರ್ ಬೀ ಕುಟ್ಟಲಿಲ್ಲ. ತಲೆ ವಾಲಿಸಿ, ಮಂಜು ಕಣ್ಣು ಮುಚ್ಚಿ, ಇನ್ನೊಂದು ಸಲ ಕೇಳಿಸಿಕೊಂಡರು. ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ಕರೆದರು.

"ಲೋಕೇಶಪ್ಪ, ನಲ್ವತ್ತು ವರ್ಸ ಹಾಲೆ ಮರ ತಟ್ಟಿ ತಟ್ಟಿ ನೋಡಿವ್ನಿ. ನಿಮ್ ಹಲ್ಲಿ ಹೊಟ್ಟೇಲಿ ನಮ್ ಮರ ಐತೆ," ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಬಸ್ಸು ಹತ್ತುವವರೆಗೂ ತಿರುಗಿ ನೋಡಲಿಲ್ಲ.

ಗುರುವಾರ ಸಂಜೆ ಕೆಲಸದಿಂದ ಬಂದ ಸೌಮ್ಯಳನ್ನು ಹಿತ್ತಲಿಗೆ ಕರೆದೊಯ್ದು, ನಾಳೆ ಒಸಿ ಗಟ್ಟಿಯಾಗಿ ಮಾತಾಡವ್ವ ಎಂದೆ. ಯಾಕೆಂದು ಕೇಳಿದಳು. ಹಲ್ಲಿಗೆ ವಯಸ್ಸಾಗಿದೆ, ಕಿವಿ ಮಂದ ಎಂದೆ. ಅವಳು ಉಗುರಿನ ಸಂದಿಯ ಕೆಂಪು ಅರಗನ್ನು ಕೀಳುತ್ತಾ ನನ್ನನ್ನು ನೋಡಿದಳು.

"ನನ್ ಮಾತು ಕೇಳ್ಬೇಕು ಅನ್ನೋರ್ಗೆ ಮೆಲ್ಗೆ ಯೋಳಿದ್ರೂ ಕೇಳ್ತದೆ ಕಣಣ್ಣ. ಕೂಗಾಡಿ ಒಪ್ಪಿಸೋದಾದ್ರೆ ಅದು ನನ್ ಮಾತು ಆಯ್ತದಾ?"

ನನ್ನ ನೋಟ್‌ಬುಕ್ಕಿನ ಇನ್ನೂರು ಪುಟದಲ್ಲಿ ಆ ಪ್ರಶ್ನೆಗೊಂದು ವೆಬ್‌ಸೈಟಿರಲಿಲ್ಲ.

ಶುಕ್ರವಾರ ಬಂತು. ಗಾಜಿನ ಬೆಳಕಿನ ಕೋಲು ಗೋಡೆ ಹತ್ತತೊಡಗಿದಾಗ ಹನುಮಂತಯ್ಯನವರು ಇಬ್ಬರು ನೆಂಟರೊಡನೆ ಬಂದು ಚಾಪೆಯ ಮೇಲೆ ಕೂತರು. ಒಂದು ಕಡೆ ಬೈರಪ್ಪಣ್ಣ, ಇನ್ನೊಂದು ಕಡೆ ಪರಿಶೀಲನೆ ಮುಗಿಯದ ದೇವರಾಜ್. ಬಾಗಿಲು, ಕಿಟಕಿ, ಜಗುಲಿ ತುಂಬ ಜನರ ತಲೆ. ಒಂದು ತಲೆಯೂ ಕೆಮ್ಮಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಅವ್ವ, ಅವಳ ಹಿಂದೆ ಭಾನುಪ್ರಿಯ. ಕಂಬದ ಹತ್ತಿರ ಸೌಮ್ಯ. ನಡುವೆ ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು.

ಹನುಮಂತಯ್ಯನವರು ಗಂಟಲು ಸರಿಮಾಡಿಕೊಂಡರು. ಅದಕ್ಕೇ ಹಲ್ಲಿ ಲೊಚಗುಟ್ಟಿತು. ಕಿಟಕಿಯಲ್ಲಿದ್ದವರು ಉಸಿರೆಳೆದುಕೊಂಡರು, ಮಾತಾಡುವ ಮೊದಲೇ ಒಪ್ಪಿದ ಹಲ್ಲಿಯನ್ನು ಅವರು ಕಂಡಿರಲಿಲ್ಲ, ಈಗಲೂ ಕಾಣಲಿಲ್ಲ.

"ನಿಮ್ಮ ಮಗೀನ ನಮ್ಮನೆ ಮಗಳ ಹಂಗೆ ನೋಡ್ಕತೀವಿ," ಎಂದರು ಹನುಮಂತಯ್ಯ. ತೊಲೆಯ ಮೇಲಿನ ಧೂಳು ಉದುರಿತು. ಲೊಚ್, ಲೊಚ್, ಲೊಚ್. ಇಡೀ ಮನೆ ನೆಲ ಕುಟ್ಟಿತು. ಅದಕ್ಕೆ ಉತ್ತರ ಬಂತು. ಮತ್ತೆ ಕುಟ್ಟಿತು. ಕೃಷ್ಣ ಕೃಷ್ಣ ಎಂಬ ಗೊಣಗು ಬಾಗಿಲಿನಿಂದ ಜಗುಲಿಗೆ, ಜಗುಲಿಯಿಂದ ಬೀದಿಗೆ ಹರಿದು, ಹರಿದಷ್ಟೂ ದೊಡ್ಡದಾಗಿ ತಿರುಗಿ ಒಳಗೆ ಬಂತು. ಹಲ್ಲಿ ನಿಲ್ಲಲಿಲ್ಲ. ಬೆಳಕಿನ ಕೋಲು ಸರಿದು ತೊಲೆಯ ತುದಿಯಲ್ಲಿ ಬೊಟ್ಟಿನಷ್ಟಾಯಿತು. ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಕುಟ್ಟುವ ಬೆರಳುಗಳು, ಮೇಲಿನಿಂದ ಬರುವ ಆ ಒಪ್ಪಿಗೆ, ಇಷ್ಟೇ. ನಾನೇ ಜೋಡಿಸಿದ ಎರಡು ತಂತಿ ಒಂದು ತಿರುಪು ಎಂದು ಗೊತ್ತಿದ್ದ ನನಗೂ, ಆ ಕತ್ತಲ ಮೂಲೆಯಲ್ಲಿ ಏನೋ ಕೂತು ನಮ್ಮನ್ನೆಲ್ಲ ಎಣಿಸುತ್ತಿದೆ ಅನ್ನಿಸಿತು.

ಹನುಮಂತಯ್ಯನವರಿಗೂ ಹುರುಪು ಬಂತು. ಮದುವೆ ಮಾಘದಲ್ಲಿ ಎಂದರು, ಹಲ್ಲಿ ಒಪ್ಪಿತು. ಗೊಂಬೆ ಕೆಲಸ ಸಾಕು, ಮನೆ ನೋಡಿಕೊಂಡರೆ ಸಾಲದೇ ಎಂದರು, ಹಲ್ಲಿ ಅದಕ್ಕೂ ಒಪ್ಪಿತು. ಸೌಮ್ಯ ಬಾಯಿ ತೆರೆದು ಏನೋ ಹೇಳಿದಳು. ಹಲ್ಲಿ ಸುಮ್ಮನಿತ್ತು. ಕಿಟಕಿಯವರು ತಲೆ ಅಲ್ಲಾಡಿಸಿದರು. ಅವ್ವ ಕುಂಟುತ್ತಾ ಬಂದು ತಟ್ಟೆಗೆ ಕೈ ಹಾಕಿದಳು.

ಆಗ ನಾನು ಎದ್ದು ನಿಂತೆ. ಇತಿಹಾಸದಲ್ಲಿ ಇಂಥ ಕ್ಷಣಗಳು ಕಡಿಮೆ. ನಾಲ್ಕು ತಾಲೂಕಿನ ನನ್ನ ಕೀರ್ತಿ ಒಂದು ಕಡೆ, ಉಗುರಿಗೆ ಅರಗು ಅಂಟಿದ ತಂಗಿ ಒಂದು ಕಡೆ. ಕೀರ್ತಿ ಬಹಳ ಭಾರವಾಗಿತ್ತು, ಸುಳ್ಳು ಹೇಳುವುದಿಲ್ಲ.

"ಅವ್ವ, ಅದು ಹಲ್ಲಿ ಅಲ್ಲ. ನನ್ ಡಬ್ಬಿ. ಚಪ್ಪಾಳೆ ಬಲ್ಬಿಂದು," ಎಂದೆ.

ಬೈರಪ್ಪಣ್ಣನ ಕೊಟ್ಟಿಗೆಗೆ ಓಡಿ, ಬೀಗವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ (ಅದೂ ನೋಟ್‌ಬುಕ್ಕಿನ ಒಂದು ಪುಟ), ಏಣಿ ತಂದು ಹತ್ತಿದೆ. ಕೆಂಪು ಕಣ್ಣು ನನ್ನನ್ನು ನೋಡಿತು. ತಂತಿ ಕಿತ್ತೆ. ಕಣ್ಣು ಮುಚ್ಚಿತು. ಡಬ್ಬಿಯನ್ನು ಇಳಿಸಿ ಎಲೆ ಅಡಿಕೆಯ ತಟ್ಟೆಯ ಪಕ್ಕ ಇಟ್ಟು, ಮುಚ್ಚಳ ತೆಗೆದು, ಕಿವಿ ಯಾವುದು, ನಾಲಗೆ ಯಾವುದು, ಯಾರು ಕೂಗಿದರೂ ಇದು ಹೂಂ ಅನ್ನುವುದು ಹೇಗೆ ಎಂದು ಎಲ್ಲವನ್ನೂ ಹೇಳಿದೆ. ಒಡವೆಯ ಸೊಸೆಯ ಹೆಸರನ್ನೂ ಎತ್ತಿ, ಅವಳ ತಪ್ಪಿಲ್ಲವೆಂದೆ. ಹನುಮಂತಯ್ಯನವರನ್ನು, ಈಗ ಏನಾದರೂ ಮಾತಾಡಿ ಯಜಮಾನರೇ ಎಂದು ಕೇಳಿಕೊಂಡೆ. ಅವರು ತಮ್ಮ ಊರು, ಹೆಸರು, ತಂದೆಯ ಹೆಸರು ಹೇಳಿದರು. ಹೆಂಚು ನಡುಗಿತು. ತೊಲೆ ಸುಮ್ಮನಿತ್ತು.

ದೇವರಾಜ್ ಅವರ ಮುಖ ಬಿಳಿಚಿಕೊಂಡಿತು. ಹಲ್ಲಿಯ ಮಾತು ನಂಬಿ ಅವರು ಚನ್ನಪಟ್ಟಣದ ಬಾಡಿಗೆ ಮನೆ ಖಾಲಿ ಮಾಡಿ ಮಾಗಡಿಗೆ ಸಾಮಾನು ಸಾಗಿಸಿಬಿಟ್ಟಿದ್ದರಂತೆ. ಬೈರಪ್ಪಣ್ಣ ಮಾತ್ರ ನನ್ನ ಎದೆಗೆ ಬೆರಳಿಟ್ಟ.

"ಹಂಗಾರೆ ನನ್ ಕಡಸು ಬಂದಿದ್ದು ಸುಳ್ಳೇನ್ಲಾ? ಕೊಟ್ಟಿಗೇಲಿ ನಿಂತೈತೆ, ಹೋಗಿ ಕೇಳು. ಹಲ್ಲೀನ ನೀನೇ ಓಡ್ಸ್‌ಬುಟ್ಟೆ ಕಣ್ಲಾ, ಆ ಡಬ್ಬಿ ಇಟ್ಟು."

ಬೀದಿಯ ಜನವೆಲ್ಲ ಅವನ ಪಕ್ಷ. ಬಲ್ಬು ಹತ್ತಿಸಲಾಗದ ಲೋಕೇಶ ಹಲ್ಲಿಯನ್ನು ಮಾಡುವುದುಂಟೇ ಎಂದು ಯಾರೋ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹನುಮಂತಯ್ಯನವರ ನೆಂಟರೊಬ್ಬರು, ಹಲ್ಲಿ ಇರಲಿ ಬಿಡಲಿ, ತಟ್ಟೆ ಇಟ್ಟ ಮೇಲೆ ಎಲೆ ಅಡಿಕೆ ಬದಲಾಯಿಸುವುದು ಮರ್ಯಾದೆ ಎಂದರು. ಎರಡೂ ಕಡೆಯ ಹಿರಿಯರು ಹೌದೆಂದರು. ಅವ್ವನ ಕೈ ಇನ್ನೂ ತಟ್ಟೆಯ ಮೇಲೇ ಇತ್ತು.

ಬೆಳಕಿನ ಬೊಟ್ಟು ಆರಿತು. ಯಾರೂ ಲೈಟು ಹಾಕಲಿಲ್ಲ.

ಕತ್ತಲಲ್ಲಿ ಸೌಮ್ಯಳ ದನಿ ಬಂತು. ಎಂದಿನ ಚಿಕ್ಕ ದನಿಯೇ. ಬೀದಿಗೆ ಕೇಳುವಂತಿರಲಿಲ್ಲ, ಜಗುಲಿಗೂ ಕೇಳುವಂತಿರಲಿಲ್ಲ.

"ನಾನು ಒಲ್ಲೆ ಕಣವ್ವ. ನನ್ ಕೆಲ್ಸ ನಂಗಿರ್ಲಿ."

ಲೊಚ್, ಎಂದಿತು. ಆಮೇಲೆ ಒಂದು ಉಸಿರಿನಷ್ಟು ಬಿಟ್ಟು, ಲೊಚ್, ಲೊಚ್.

ಡಬ್ಬಿ ನನ್ನ ಕಾಲ ಬಳಿ ಹೊಟ್ಟೆ ತೆರೆದು ಬಿದ್ದಿತ್ತು. ಮೊದಲು ನೆಲ ಕುಟ್ಟಿದವರು ಹನುಮಂತಯ್ಯನವರು. ಮೂರೇ ಸಲ, ಮೆಲ್ಲಗೆ. ಅವರು ಎದ್ದು, ಹೆಗಲ ವಸ್ತ್ರ ಸರಿಮಾಡಿಕೊಂಡು, ಅವ್ವನಿಗೆ ಕೈ ಮುಗಿದರು. ಜೀವನದಲ್ಲಿ ಮೊದಲ ಸಲವಿರಬೇಕು, ಪಿಸುಮಾತಿನಲ್ಲಿ, "ಆಯ್ತು ತಾಯಿ, ಋಣ ಇಲ್ಲ," ಎಂದು ಹೊರಟರು. ತಟ್ಟೆಯಲ್ಲಿದ್ದ ಎಲೆ ಅಡಿಕೆ ಅಲ್ಲಿಯೇ ಉಳಿಯಿತು. ಕಿಟಕಿ, ಬಾಗಿಲು, ಜಗುಲಿಯ ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮನೆಗಳಿಗೆ ಹೋದರು.

ನಾನೇನು ದಡ್ಡನೇ? ಕತ್ತಲಲ್ಲೂ ಅವ್ವನ ಕೆನ್ನೆ ಅಲುಗಿದ್ದನ್ನು ಈ ಹದ್ದಿನ ಕಣ್ಣು ಹಿಡಿದಿತ್ತು. ಬೆಳಿಗ್ಗೆ ಸೌಮ್ಯ ಚನ್ನಪಟ್ಟಣದ ಬಸ್ಸು ಹತ್ತಿ ಹೋದ ಮೇಲೆ ಅವ್ವನ ಪಕ್ಕ ಕೂತು, ನೀನು ಮರ್ಯಾದೆ ಉಳಿಸಿ, ಮಗಳ ಮಾತನ್ನೂ ಉಳಿಸಿದೆ, ಬಹಳ ಚೆನ್ನಾಗಿ ಲೊಚಗುಟ್ಟಿದೆ ಎಂದು ಹೊಗಳಿದೆ. ಅವ್ವ ಇಲ್ಲವೆನ್ನಲಿಲ್ಲ. ಸೊಪ್ಪು ಬಿಡಿಸುತ್ತಾ ನಕ್ಕಳು.

"ಹಲ್ಲಿ ಸುಳ್ಳಾದ್ಮೇಲೆ ಮಗಳ ಮಾತೇ ದೊಡ್ದು ಅನ್ನುಸ್ತು. ಅಷ್ಟು ಜನದ್ ಮುಂದೆ ಒಲ್ಲೆ ಅನ್ನಕ್ಕೆ ಇನ್ನೇನ್ ದಾರಿ ಇತ್ಲಾ ಮಗ?" ಎಂದಳು. ಆಮೇಲೆ ಅವಳ ಕೈ ನಿಂತಿತು. "ಆದ್ರೆ ನಾನ್ ಲೊಚಗುಟ್ಟಿದ್ದು ಒಂದೇ ಸಲ ಕಣ್ಲಾ. ಮಿಕ್ಕಿದ್ದೆರಡು ನೀನಲ್ವಾ?"

ನಾನಲ್ಲ. ಭಾನುಪ್ರಿಯಳನ್ನು ಕೇಳಿದೆ, ಅವಳೂ ಅಲ್ಲ. ಏಣಿ ಹಾಕಿ ತೊಲೆಯನ್ನು, ಗೋಡೆಯ ಸಂದಿಯನ್ನು, ಹೆಂಚಿನ ಒಂದೊಂದು ಅಡಿಯನ್ನು ಟಾರ್ಚು ಬಿಟ್ಟು ನೋಡಿದೆ. ಒಂದು ಹಲ್ಲಿಯ ಬಾಲವೂ ಸಿಗಲಿಲ್ಲ.

ನಾನು ಇಂಥದ್ದಕ್ಕೆಲ್ಲ ಹೆದರುವ ಆಸಾಮಿಯಲ್ಲವೆಂದು ನಾಲ್ಕು ತಾಲೂಕಿಗೂ ಗೊತ್ತು. ಆದರೆ ಈಗ ನಡುಮನೆಯಲ್ಲಿ ಕೂತು ಯಾರ ಮುಂದೆಯೂ ಏನನ್ನೂ ಕೊಚ್ಚಿಕೊಳ್ಳುವುದಿಲ್ಲ. ಇದಿಷ್ಟನ್ನೂ ಜಗುಲಿಯಲ್ಲಿ ಕೂತೇ ಬರೆದಿದ್ದೇನೆ.